ನಿಮ್ಮ ಬಡಾವಣೆಯ ಪಾರ್ಕಿನ ಬಗ್ಗೆ ಪಾಲಿಕೆಯಿಂದ ಲಿಖಿತ ಉತ್ತರ ಪಡೆಯುವುದು ಹೇಗೆ? ಮಂಗಳೂರು ಮತ್ತು ಉಡುಪಿಯ ನಿವಾಸಿಗಳಿಗೆ ಮಾರ್ಗದರ್ಶಿ

ಪಾರ್ಕುಗಳ ಬಗ್ಗೆ ಓದುಗರು ಕೇಳುವ ಪ್ರಶ್ನೆಗಳೆಲ್ಲ ಹೆಚ್ಚುಕಡಿಮೆ ಒಂದೇ ರೀತಿ ಇರುತ್ತವೆ. ಬೆಳಿಗ್ಗೆ ವಾಕಿಂಗಿಗೆ ಹೋದಾಗ ಪಾರ್ಕಿನ ಗೇಟಿನ ಬಳಿ ಜೆಸಿಬಿ ನಿಂತಿರುತ್ತದೆ, ಒಂದು ಬದಿಯಲ್ಲಿ ಜಲ್ಲಿ ಸುರಿದಿರುತ್ತಾರೆ, ಕೆಲಸದವರನ್ನು ಕೇಳಿದರೆ "ಕಂಟ್ರಾಕ್ಟರನ್ನು ಕೇಳಿ" ಎನ್ನುತ್ತಾರೆ. ಇಲ್ಲಿ ಏನಾಗುತ್ತಿದೆ, ಯಾರು ತೀರ್ಮಾನಿಸಿದರು, ನಮಗೇಕೆ ತಿಳಿಸಲಿಲ್ಲ, ಈಗ ಯಾರನ್ನು ಕೇಳಬೇಕು ಎಂಬುದು ಆ ಪ್ರಶ್ನೆಗಳ ಸಾರ.

ಮೊದಲಿಗೆ ಒಂದು ವಿಷಯವನ್ನು ತಿಳಿದುಕೊಳ್ಳಿ. ಜೆಸಿಬಿ ಬರುವ ಹೊತ್ತಿಗೆ ಆ ಕಾಮಗಾರಿಯ ವಿಚಾರ ಬಜೆಟ್ಟಿನಲ್ಲಿ, ಸಭೆಯ ಕಾರ್ಯಸೂಚಿಯಲ್ಲಿ, ಅಂದಾಜು ಪಟ್ಟಿಯಲ್ಲಿ, ಟೆಂಡರ್ ಪ್ರಕಟಣೆಯಲ್ಲಿ ಮತ್ತು ಕಾರ್ಯಾದೇಶದಲ್ಲಿ, ಅಂದರೆ ಕೆಲಸ ಆರಂಭಿಸಲು ಗುತ್ತಿಗೆದಾರರಿಗೆ ಕೊಡುವ ಲಿಖಿತ ಆದೇಶದಲ್ಲಿ, ಬರಹರೂಪಕ್ಕೆ ಇಳಿದಾಗಿರುತ್ತದೆ. ಇವುಗಳಲ್ಲಿ ಕೆಲವು ಸಾರ್ವಜನಿಕವಾಗಿ ಪ್ರಕಟವಾಗುತ್ತವೆ, ಉಳಿದವನ್ನು ಕೇಳಿ ಪಡೆಯಬಹುದು. ಆದರೆ ಇದ್ಯಾವುದೂ ನಿಮ್ಮ ಮನೆ ಬಾಗಿಲಿಗೆ ಬರುವುದಿಲ್ಲ. ಪಾರ್ಕಿನ ಗೇಟಿನಲ್ಲೇ ಒಂದು ಫಲಕ ಹಾಕಿ ಮುಂಚಿತವಾಗಿ ತಿಳಿಸುವುದು ಸ್ಥಳೀಯ ಸಂಸ್ಥೆಗೆ ಕಷ್ಟದ ಕೆಲಸವೇನಲ್ಲ, ಅದನ್ನು ಮಾಡಲೇಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಅದು ರೂಢಿಯಾಗುವವರೆಗೆ ಪ್ರಕಟಣೆಗಳು ಎಲ್ಲೆಲ್ಲಿ ಬರುತ್ತವೆ ಎಂಬುದನ್ನು ನಿವಾಸಿಗಳೇ ತಿಳಿದಿಟ್ಟುಕೊಂಡು, ಸರಿಯಾದ ಕಚೇರಿಗೆ, ಸರಿಯಾದ ಹಂತದಲ್ಲಿ, ಲಿಖಿತವಾಗಿಯೇ ಕೇಳುವುದನ್ನು ಅಭ್ಯಾಸ ಮಾಡಿಕೊಳ್ಳಬೇಕು.

ಮೊದಲೇ ಕೈಯಲ್ಲಿರಬೇಕಾದವು

ಪಾರ್ಕಿನ ಹೆಸರು, ವಾರ್ಡಿನ ಹೆಸರು ಮತ್ತು ಸಂಖ್ಯೆ, ಸಾಧ್ಯವಾದರೆ ಜಾಗದ ಸರ್ವೆ ನಂಬರ್, ದಿನಾಂಕ ಕಾಣುವಂತೆ ತೆಗೆದ ನಾಲ್ಕಾರು ಫೋಟೋಗಳು ಮತ್ತು ನಿಮ್ಮ ವಿಳಾಸಕ್ಕೆ ಯಾವುದಾದರೊಂದು ದಾಖಲೆ ನಿಮ್ಮ ಬಳಿ ಇರಲಿ. ಬಡಾವಣೆಯ ನಿವಾಸಿಗಳ ಸಂಘವಿದ್ದರೆ ಅರ್ಜಿಯನ್ನು ಅದರ ಲೆಟರ್‌ಹೆಡ್‌ನಲ್ಲೇ ಬರೆಯುವುದು ಉತ್ತಮ. ಸಂಘವಿಲ್ಲದಿದ್ದರೂ ಅಡ್ಡಿಯಿಲ್ಲ, ಒಬ್ಬ ನಿವಾಸಿ ಕೊಡುವ ಅರ್ಜಿಯನ್ನೂ ಕಚೇರಿ ಸ್ವೀಕರಿಸಲೇಬೇಕು.

1. ಪಾರ್ಕು ಯಾರದ್ದು ಎಂದು ಖಚಿತಪಡಿಸಿಕೊಳ್ಳಿ

ಹೆಚ್ಚಿನ ಅರ್ಜಿಗಳು ದಾರಿ ತಪ್ಪುವುದು ಇಲ್ಲಿಯೇ. ಊರಿನೊಳಗಿನ ಹಸಿರು ಜಾಗವೆಲ್ಲ ಪಾಲಿಕೆಯದ್ದೇ ಎಂದು ನಾವು ಭಾವಿಸುತ್ತೇವೆ, ಆದರೆ ವಾಸ್ತವ ಹಾಗಿಲ್ಲ. ಮಂಗಳೂರಿನ ಕದ್ರಿ ಪಾರ್ಕಿನ ನಿರ್ವಹಣೆ ರಾಜ್ಯದ ತೋಟಗಾರಿಕೆ ಇಲಾಖೆಯೊಂದಿಗೆ ಬೆಸೆದುಕೊಂಡಿದೆ. ಪಿಲಿಕುಳ ನಿಸರ್ಗಧಾಮಕ್ಕೆ ತನ್ನದೇ ಆದ ಪ್ರತ್ಯೇಕ ಆಡಳಿತ ವ್ಯವಸ್ಥೆಯಿದೆ. ಲೇಔಟುಗಳಲ್ಲಿ ಪಾರ್ಕಿಗೆಂದು ಬಿಟ್ಟ ಜಾಗದ ವಿಚಾರ ಇನ್ನೂ ಬೇರೆ. ಲೇಔಟಿಗೆ ಅನುಮೋದನೆ ಕೊಡುವುದು ನಗರಾಭಿವೃದ್ಧಿ ಪ್ರಾಧಿಕಾರ, ಅಂದರೆ ಮಂಗಳೂರಿನಲ್ಲಿ ನಾವು ಮೂಡಾ ಎಂದು ಕರೆಯುವ ಸಂಸ್ಥೆ. ರಸ್ತೆ ಮತ್ತು ಪಾರ್ಕಿನ ಜಾಗ ಅಲ್ಲಿಂದ ಪಾಲಿಕೆಗೆ ವಿಧಿಪೂರ್ವಕವಾಗಿ ಹಸ್ತಾಂತರವಾಗಬೇಕು. ಹಸ್ತಾಂತರವಾಗದೆ ಉಳಿದಿರುವ ಜಾಗದ ಬಗ್ಗೆ ಪಾಲಿಕೆಯನ್ನು ಕೇಳಿದರೆ "ನಮ್ಮ ಸುಪರ್ದಿಗೆ ಬಂದಿಲ್ಲ" ಎಂಬ ಉತ್ತರ ಬರುತ್ತದೆ, ಪ್ರಾಧಿಕಾರವನ್ನು ಕೇಳಿದರೆ ಪಾಲಿಕೆಯತ್ತ ಕೈತೋರಿಸಬಹುದು. ಇಂಥಲ್ಲಿ ಹಸ್ತಾಂತರ ಪತ್ರದ ಪ್ರತಿಯನ್ನೇ ಕೇಳಿ ಪಡೆಯಬೇಕು. ಆ ಒಂದು ಕಾಗದ ಕೈಗೆ ಬಂದರೆ ಅರ್ಧ ಕೆಲಸ ಮುಗಿದಂತೆ.

ಇದರ ಜೊತೆಗೆ ಸ್ಮಾರ್ಟ್ ಸಿಟಿ ಯೋಜನೆಯ ಕಾಮಗಾರಿಗಳಿವೆ. ಮಂಗಳೂರು 2016ರಲ್ಲಿ ಆ ಯೋಜನೆಗೆ ಆಯ್ಕೆಯಾದ ಬಳಿಕ ಅದಕ್ಕೆಂದೇ ಪ್ರತ್ಯೇಕ ಕಂಪನಿ ರಚನೆಯಾಯಿತು. ಹೀಗಾಗಿ ಜಾಗ ಒಬ್ಬರದ್ದಾಗಿ, ಕಾಮಗಾರಿ ನಡೆಸಿದವರು ಇನ್ನೊಬ್ಬರಾಗಿ, ಮುಂದಿನ ನಿರ್ವಹಣೆ ಮೂರನೆಯವರ ಪಾಲಿಗೆ ಬಂದಿರುವ ಸಾಧ್ಯತೆಯೂ ಇದೆ. ಅರ್ಜಿ ಬರೆಯುವಾಗ ಜಾಗ, ಕಾಮಗಾರಿ, ನಿರ್ವಹಣೆ ಈ ಮೂರನ್ನೂ ಬೇರೆ ಬೇರೆಯಾಗಿಯೇ ಕೇಳಿ.

ಉಡುಪಿಯಲ್ಲಿ ಸ್ಥಳೀಯ ಸಂಸ್ಥೆ ನಗರಸಭೆ, ಅದರ ಆಡಳಿತದ ಮುಖ್ಯಸ್ಥರು ಪೌರಾಯುಕ್ತರು. ಅಜ್ಜರಕಾಡಿನ ಭುಜಂಗ ಪಾರ್ಕಿನಂಥ ಜಾಗದ ಬಗ್ಗೆ ಕೇಳುವುದಿದ್ದರೆ ಅವರಿಗೆ ಬರೆಯಿರಿ. ಮಂಗಳೂರಿನಲ್ಲಾದರೆ ಅರ್ಜಿ ಲಾಲ್‌ಬಾಗ್‌ನಲ್ಲಿರುವ ಮಹಾನಗರ ಪಾಲಿಕೆಯ ಆಯುಕ್ತರ ಹೆಸರಿಗೆ ಹೋಗಬೇಕು. ಸುರತ್ಕಲ್ ಭಾಗದವರು ಅಲ್ಲಿನ ವಲಯ ಕಚೇರಿಗೂ ಒಂದು ಪ್ರತಿ ಕೊಡುವುದು ಒಳ್ಳೆಯದು.

2. ಪ್ರಕಟಣೆಗಳು ಎಲ್ಲಿ ಬರುತ್ತವೆ ಎಂದು ತಿಳಿಯಿರಿ

ಹಣಕಾಸು ವರ್ಷ ಏಪ್ರಿಲ್ ಒಂದರಿಂದ ಆರಂಭವಾಗುತ್ತದೆ. ಅದಕ್ಕೂ ಮೊದಲು, ಚಳಿಗಾಲದ ತಿಂಗಳುಗಳಲ್ಲಿ, ಸ್ಥಳೀಯ ಸಂಸ್ಥೆಗಳು ಬಜೆಟ್ ಪೂರ್ವಭಾವಿ ಸಭೆ ಕರೆದು ಸಾರ್ವಜನಿಕರ ಸಲಹೆ ಕೇಳುತ್ತವೆ. ಪಾರ್ಕಿಗೆ ಹಣ ಬೇಕು ಎನ್ನುವುದಕ್ಕೂ, ಹಣವನ್ನು ಹೀಗೆ ಖರ್ಚು ಮಾಡಬೇಡಿ ಎನ್ನುವುದಕ್ಕೂ ಇದೇ ಸರಿಯಾದ ಸಮಯ. ಸಭೆಯ ಸುದ್ದಿ ಪತ್ರಿಕೆಯ ಒಳಪುಟದಲ್ಲಿ ನಾಲ್ಕು ಸಾಲಿನಲ್ಲಿ ಬಂದುಹೋಗುತ್ತದೆ, ಆದ್ದರಿಂದ ಡಿಸೆಂಬರ್ ಬಂದ ಕೂಡಲೇ ಕಚೇರಿಗೆ ಒಮ್ಮೆ ಫೋನ್ ಮಾಡಿ ದಿನಾಂಕ ವಿಚಾರಿಸಿಕೊಳ್ಳಿ. ಸಭೆಗೆ ಬಂದವರು ಬಾಯಿಮಾತಿನಲ್ಲಿ ಹೇಳಿದ್ದು ನಡಾವಳಿಯಲ್ಲಿ ಎಷ್ಟರಮಟ್ಟಿಗೆ ಸೇರುತ್ತದೆ ಎಂಬುದಕ್ಕೆ ಖಾತ್ರಿಯಿಲ್ಲ. ನಡಾವಳಿ ಎಂದರೆ ಸಭೆಯಲ್ಲಿ ನಡೆದದ್ದರ ಅಧಿಕೃತ ದಾಖಲೆ. ನಿಮ್ಮ ಸಲಹೆಯನ್ನು ಒಂದು ಪುಟದಲ್ಲಿ ಬರೆದುಕೊಂಡು ಹೋಗಿ ಸಭೆಯಲ್ಲೇ ಕೊಡಿ.

ಎರಡನೆಯದು ಪತ್ರಿಕಾ ಪ್ರಕಟಣೆ. ಭೂ ಉಪಯೋಗ ಬದಲಾವಣೆ, ಟೆಂಡರ್ ಮುಂತಾದವು ದಿನಪತ್ರಿಕೆಗಳಲ್ಲಿ ಸಣ್ಣ ಅಕ್ಷರದಲ್ಲಿ ಬರುತ್ತವೆ, ಅವನ್ನು ಓದುವ ಹೊಣೆಯನ್ನು ಸಂಘದ ಯಾರಾದರೂ ಒಬ್ಬರು ವಹಿಸಿಕೊಳ್ಳಲಿ. ಟೆಂಡರ್‌ಗಳು ಕರ್ನಾಟಕ ಸಾರ್ವಜನಿಕ ಸಂಗ್ರಹಣಾ ಪೋರ್ಟಲ್‌ನಲ್ಲಿಯೂ ಸಿಗುತ್ತವೆ. ಅಲ್ಲಿ ಪಾಲಿಕೆಯ ಹೆಸರಿನಲ್ಲಿ ಹುಡುಕಿದರೆ ಕಾಮಗಾರಿಯ ಹೆಸರು, ಅಂದಾಜು ಮೊತ್ತ, ಅವಧಿ ಕಾಣುತ್ತವೆ. ಕಾಮಗಾರಿಯ ಹೆಸರಿನಲ್ಲಿ "ಪಾರ್ಕ್" ಎಂಬ ಶಬ್ದ ಇಲ್ಲದಿರಬಹುದು ಎಂಬುದನ್ನು ನೆನಪಿಡಿ. "ಇಂಟರ್‌ಲಾಕ್ ಅಳವಡಿಕೆ", "ಆವರಣ ಗೋಡೆ", "ಚರಂಡಿ ನಿರ್ಮಾಣ", "ಸೌಂದರ್ಯೀಕರಣ" ಎಂಬ ಹೆಸರಿನಲ್ಲೂ ಪಾರ್ಕಿನ ಕೆಲಸ ಇರುತ್ತದೆ. ವಾರ್ಡಿನ ಹೆಸರಿನಿಂದಲೂ ಹುಡುಕಿ.

ಕಚೇರಿಯ ಸೂಚನಾ ಫಲಕವನ್ನು ಮತ್ತು ಪಾಲಿಕೆಯ ಜಾಲತಾಣವನ್ನು ಆಗಾಗ ನೋಡಿ. ವಾಟ್ಸ್ಆ್ಯಪ್ ಗುಂಪುಗಳಲ್ಲಿ ಬರುವ ಮಾಹಿತಿ ಸುಳಿವಿಗಷ್ಟೇ ಸಾಕು, ಅದನ್ನು ಆಧಾರವಾಗಿಟ್ಟುಕೊಂಡು ಅರ್ಜಿ ಬರೆಯಬೇಡಿ.

3. ಅರ್ಜಿ ಬರೆದು ಸ್ವೀಕೃತಿ ಪಡೆಯಿರಿ

ಒಂದು ಅರ್ಜಿಯಲ್ಲಿ ಒಂದೇ ವಿಷಯವಿರಲಿ. ಬೀದಿದೀಪ, ಕಸ, ಬೆಂಚು, ಬಾವಿ, ಮರ ಎಲ್ಲವನ್ನೂ ಸೇರಿಸಿ ಬರೆದರೆ ಆ ಅರ್ಜಿ ಯಾವ ವಿಭಾಗಕ್ಕೂ ಪೂರ್ತಿಯಾಗಿ ಸೇರುವುದಿಲ್ಲ, ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಓಡಾಡುತ್ತಿರುತ್ತದೆ. ಒಳಗಿನ ಬರಹ ಹೀಗಿದ್ದರೆ ಸಾಕು:

"ವಿಷಯ: ವಾರ್ಡ್ ಸಂಖ್ಯೆ (ಇಲ್ಲಿ ಸಂಖ್ಯೆ ಬರೆಯಿರಿ), (ಪಾರ್ಕಿನ ಹೆಸರು) ಇಲ್ಲಿ ನಡೆಯುತ್ತಿರುವ ಕಾಮಗಾರಿಯ ಮಾಹಿತಿ ಕೋರಿ.

ಮಾನ್ಯರೇ, ಮೇಲ್ಕಂಡ ಪಾರ್ಕಿನಲ್ಲಿ ದಿನಾಂಕ (ಇಲ್ಲಿ ದಿನಾಂಕ) ರಿಂದ ಕಾಮಗಾರಿ ಆರಂಭವಾಗಿರುತ್ತದೆ. ಸ್ಥಳದಲ್ಲಿ ಮಾಹಿತಿ ಫಲಕ ಇರುವುದಿಲ್ಲ. ಕಾಮಗಾರಿಯ ಹೆಸರು, ನಕ್ಷೆ, ಅಂದಾಜು ಮೊತ್ತ, ಗುತ್ತಿಗೆದಾರರ ವಿವರ ಹಾಗೂ ಮುಕ್ತಾಯದ ದಿನಾಂಕವನ್ನು ತಿಳಿಸಬೇಕಾಗಿಯೂ, ನಿವಾಸಿಗಳ ಅಹವಾಲು ಕೇಳಲು ಸ್ಥಳ ಪರಿಶೀಲನೆಗೆ ದಿನ ನಿಗದಿಪಡಿಸಬೇಕಾಗಿಯೂ, ಈ ಬಗ್ಗೆ ಹಿಂಬರಹ ನೀಡಬೇಕಾಗಿಯೂ ಕೋರುತ್ತೇವೆ."

ಹಿಂಬರಹ ಎಂದರೆ ನಿಮ್ಮ ಅರ್ಜಿಯ ಮೇಲೆ ಏನು ಕ್ರಮವಾಯಿತು, ಆಗದಿದ್ದರೆ ಏಕೆ ಆಗಲಿಲ್ಲ ಎಂದು ಕಚೇರಿ ಲಿಖಿತವಾಗಿ ಕೊಡುವ ಉತ್ತರ. ಈ ಶಬ್ದವನ್ನು ಅರ್ಜಿಯಲ್ಲಿ ಬಿಡದೆ ಬರೆಯಿರಿ. "ಸೂಕ್ತ ಕ್ರಮ ಕೈಗೊಳ್ಳಬೇಕಾಗಿ ವಿನಂತಿ" ಎಂದು ಮುಗಿಸಿದ ಅರ್ಜಿಗೆ ಉತ್ತರ ಕೊಡಬೇಕಾದ ಒತ್ತಡವೇ ಹುಟ್ಟುವುದಿಲ್ಲ.

ಅರ್ಜಿಯ ಎರಡು ಪ್ರತಿ ಒಯ್ಯಿರಿ. ಒಂದನ್ನು ಟಪಾಲು ವಿಭಾಗದಲ್ಲಿ ಕೊಟ್ಟು, ಇನ್ನೊಂದರ ಮೇಲೆ ಮುದ್ರೆ, ದಿನಾಂಕ ಮತ್ತು ಆವಕ ಸಂಖ್ಯೆ ಹಾಕಿಸಿಕೊಳ್ಳಿ. ಆವಕ ಸಂಖ್ಯೆ ಎಂದರೆ ಕಚೇರಿಗೆ ಬಂದ ಪತ್ರವನ್ನು ನಮೂದಿಸುವ ಪುಸ್ತಕದಲ್ಲಿನ ಕ್ರಮಸಂಖ್ಯೆ. ಮುದ್ರೆ ಮಾತ್ರ ಇದ್ದು ಸಂಖ್ಯೆ ಇಲ್ಲದಿದ್ದರೆ ಮುಂದೆ ನಿಮ್ಮ ಕಡತವನ್ನು ಹುಡುಕಿಸುವುದು ಕಷ್ಟವಾಗುತ್ತದೆ. ಅರ್ಜಿಯನ್ನು ನೇರವಾಗಿ ಇಂಜಿನಿಯರ್ ಅವರ ಕೈಗೆ ಕೊಟ್ಟು "ಅವರು ನೋಡಿಕೊಳ್ಳುತ್ತಾರೆ" ಎಂದು ಬರಬೇಡಿ. ಅವರಿಗೆ ವರ್ಗಾವಣೆಯಾದರೆ ನೀವು ಅರ್ಜಿ ಕೊಟ್ಟಿದ್ದಕ್ಕೆ ಯಾವ ಗುರುತೂ ಉಳಿಯುವುದಿಲ್ಲ.

4. ಆ್ಯಪ್ ಮತ್ತು ಸಹಾಯವಾಣಿ

ಮುರಿದ ಬೆಂಚು, ಉರಿಯದ ದೀಪ, ತೆಗೆಯದ ಕಸದಂಥ ದೈನಂದಿನ ದೂರುಗಳಿಗೆ ಪೌರಾಡಳಿತ ನಿರ್ದೇಶನಾಲಯದ ಜನಹಿತ ಆ್ಯಪ್ ಇದೆ, ರಾಜ್ಯ ಸರ್ಕಾರದ ಜನಸ್ಪಂದನ ಸಹಾಯವಾಣಿ 1902 ಇದೆ. ಎರಡರಲ್ಲೂ ದೂರಿನ ಸಂಖ್ಯೆ ಸಿಗುತ್ತದೆ, ಅದನ್ನು ಬರೆದಿಟ್ಟುಕೊಳ್ಳಿ. ಕೆಲಸವಾಗದೆಯೇ ದೂರು ಮುಕ್ತಾಯವಾಗಿದೆ ಎಂಬ ಸಂದೇಶ ಬಂದರೆ ಅದೇ ದಿನ ಫೋಟೋ ತೆಗೆದು, ಹಳೆಯ ಸಂಖ್ಯೆಯನ್ನು ನಮೂದಿಸಿ ಮತ್ತೆ ದೂರು ಕೊಡಿ. ನೀತಿ, ನಕ್ಷೆ, ಜಾಗದ ಹಕ್ಕಿನ ಪ್ರಶ್ನೆಗಳಿಗೆ ಆ್ಯಪ್ ಸರಿಯಾದ ಸಾಧನವಲ್ಲ.

5. ವಾರ್ಡ್ ಸಮಿತಿಯ ಮೂಲಕ ವಿಷಯವನ್ನು ಕಾರ್ಯಸೂಚಿಗೆ ತನ್ನಿ

ಕರ್ನಾಟಕ ಮುನಿಸಿಪಲ್ ಕಾರ್ಪೊರೇಷನ್‌ಗಳ ಕಾಯ್ದೆ, 1976ರ ಪ್ರಕಾರ ಪಾಲಿಕೆಯ ಪ್ರತಿ ವಾರ್ಡಿಗೂ ವಾರ್ಡ್ ಸಮಿತಿ ಇರಬೇಕು. ಆ ವಾರ್ಡಿನ ಕಾರ್ಪೊರೇಟರ್ ಅದರ ಅಧ್ಯಕ್ಷರು. ನಾಮನಿರ್ದೇಶಿತ ಸದಸ್ಯರಲ್ಲಿ ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ನಿವಾಸಿಗಳ ಸಂಘಗಳ ಪ್ರತಿನಿಧಿಗಳಿಗೆ ಸ್ಥಾನ ಇರಲೇಬೇಕು. ಮಂಗಳೂರಿನಲ್ಲಿ 60 ವಾರ್ಡುಗಳಿವೆ. ಇಲ್ಲಿ ಸಮಿತಿಗಳು ಸುಲಭವಾಗಿ ರಚನೆಯಾಗಲಿಲ್ಲ, ನಾಗರಿಕರು ಹೈಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು. ಇಷ್ಟು ಶ್ರಮಪಟ್ಟು ಪಡೆದ ವ್ಯವಸ್ಥೆಯನ್ನು ಬಳಸದೆ ಬಿಡುವುದು ನಷ್ಟವೇ ಸರಿ.

ಸಮಿತಿಯ ಸಭೆಗೆ ಮುಂಚಿತವಾಗಿ ಅದರ ಕಾರ್ಯದರ್ಶಿಗೆ ಪತ್ರ ಕೊಟ್ಟು ನಿಮ್ಮ ಪಾರ್ಕಿನ ವಿಷಯವನ್ನು ಕಾರ್ಯಸೂಚಿಯಲ್ಲಿ ಸೇರಿಸಲು ಕೋರಿ, ಸಭೆಯ ನಂತರ ನಡಾವಳಿಯ ಪ್ರತಿ ಕೇಳಿ. ನಿರ್ಣಯದಲ್ಲಿ "ಚರ್ಚಿಸಲಾಯಿತು" ಎಂದಷ್ಟೇ ಇದ್ದರೆ ಅದರಿಂದ ಪ್ರಯೋಜನ ಕಡಿಮೆ. ಯಾರು, ಯಾವ ದಿನಾಂಕದೊಳಗೆ, ಏನು ಮಾಡಬೇಕು ಎಂಬುದು ನಿರ್ಣಯದಲ್ಲಿ ಬರುವಂತೆ ಸದಸ್ಯರ ಬಳಿ ಪಟ್ಟುಹಿಡಿಯಿರಿ.

ಚುನಾಯಿತ ಪರಿಷತ್ತಿನ ಅವಧಿ ಮುಗಿದು ಚುನಾವಣೆ ನಡೆಯದೆ ಆಡಳಿತಾಧಿಕಾರಿಯ ಆಡಳಿತವಿರುವ ಕಾಲದಲ್ಲಿ ಈ ದಾರಿ ಮುಚ್ಚಿರುತ್ತದೆ ಅಥವಾ ದುರ್ಬಲವಾಗಿರುತ್ತದೆ. ಆಗ "ಮಾಜಿ ಕಾರ್ಪೊರೇಟರ್ ಅವರಿಗೆ ಹೇಳಿದ್ದೇವೆ" ಎಂದು ಸುಮ್ಮನಿರಬೇಡಿ. ಪರಿಷತ್ತಿನ ಅಧಿಕಾರ ಆಡಳಿತಾಧಿಕಾರಿಯ ಕೈಯಲ್ಲಿರುವುದರಿಂದ ಅರ್ಜಿಯನ್ನು ಆಯುಕ್ತರಿಗೆ ಬರೆದು, ಪ್ರತಿಯನ್ನು ಆಡಳಿತಾಧಿಕಾರಿಗೆ ಕಳುಹಿಸಿ.

6. ಗಡುವು ಇರುವ ಪ್ರಕಟಣೆಗಳಿಗೆ ಗಡುವಿನೊಳಗೇ ಉತ್ತರಿಸಿ

ಈ ಹಂತವನ್ನು ವಿಶೇಷ ಎಚ್ಚರಿಕೆಯಿಂದ ಓದಿ, ಏಕೆಂದರೆ ಉಳಿದ ಹಂತಗಳಲ್ಲಿ ತಡವಾದರೆ ಕೆಲಸ ನಿಧಾನವಾಗುತ್ತದೆ, ಇಲ್ಲಿ ತಡವಾದರೆ ಹಕ್ಕೇ ಕೈತಪ್ಪಬಹುದು.

ಮಹಾಯೋಜನೆಯಲ್ಲಿ ಉದ್ಯಾನ ಅಥವಾ ತೆರೆದ ಜಾಗವೆಂದು ಗುರುತಿಸಿದ ಭೂಮಿಯನ್ನು ಬೇರೆ ಉಪಯೋಗಕ್ಕೆ ಬದಲಾಯಿಸಬೇಕಾದರೆ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, 1961ರ ಪ್ರಕಾರ ಪತ್ರಿಕೆಯಲ್ಲಿ ಪ್ರಕಟಣೆ ನೀಡಿ ಆಕ್ಷೇಪಣೆ ಕರೆಯಬೇಕು. ಆಕ್ಷೇಪಣೆಗೆ ಕನಿಷ್ಠ 15 ದಿನಗಳ ಅವಕಾಶವಿದೆ, ಅಷ್ಟರೊಳಗೆ ಪ್ರಾಧಿಕಾರಕ್ಕೆ ಲಿಖಿತ ಆಕ್ಷೇಪಣೆ ತಲುಪಬೇಕು. ಮಹಾಯೋಜನೆ ಎಂದರೆ ನಗರದ ಯಾವ ಜಾಗ ಯಾವುದಕ್ಕೆ ಮೀಸಲು ಎಂದು ತೋರಿಸುವ ನಕ್ಷೆ ಮತ್ತು ನಿಯಮಾವಳಿ. ಪ್ರಕಟಣೆಯಲ್ಲಿ ಪಾರ್ಕಿನ ಹೆಸರಿರದೆ ಗ್ರಾಮದ ಹೆಸರು ಮತ್ತು ಸರ್ವೆ ನಂಬರ್ ಮಾತ್ರ ಇರಬಹುದು. ಸರ್ವೆ ನಂಬರ್ ನಿಮ್ಮ ಕೈಯಲ್ಲಿರಬೇಕು ಎಂದು ಆರಂಭದಲ್ಲೇ ಹೇಳಿದ್ದು ಈ ಕಾರಣಕ್ಕೆ.

ಮರಗಳ ವಿಷಯಕ್ಕೆ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ, 1976 ಅನ್ವಯಿಸುತ್ತದೆ. ಮರ ಕಡಿಯಲು ಅನುಮತಿ ಕೊಡುವವರು ಅರಣ್ಯ ಇಲಾಖೆಯ ವೃಕ್ಷ ಅಧಿಕಾರಿ, ಪಾಲಿಕೆಯ ಇಂಜಿನಿಯರ್ ಅಲ್ಲ. ಸಾರ್ವಜನಿಕ ಕಾಮಗಾರಿಗಾಗಿ 50ಕ್ಕಿಂತ ಹೆಚ್ಚು ಮರ ಕಡಿಯುವುದಿದ್ದರೆ ಸಾರ್ವಜನಿಕ ಪ್ರಕಟಣೆ ನೀಡಿ ಆಕ್ಷೇಪಣೆ ಆಹ್ವಾನಿಸಬೇಕು. ಅದಕ್ಕಿಂತ ಕಡಿಮೆ ಮರಗಳಿದ್ದರೂ ಅನುಮತಿ ಪತ್ರ ಬೇಕು. ಕೊಡಲಿ ಹಿಡಿದವರ ಜೊತೆ ವಾದಕ್ಕಿಳಿಯದೆ ಅನುಮತಿ ಪತ್ರ ತೋರಿಸಿ ಎಂದು ಕೇಳಿ, ಅದರಲ್ಲಿರುವ ಮರಗಳ ಜಾತಿ ಮತ್ತು ಸಂಖ್ಯೆಯನ್ನು ಸ್ಥಳದಲ್ಲಿರುವ ಮರಗಳೊಂದಿಗೆ ತಾಳೆ ಹಾಕಿ. ಪತ್ರ ಇಲ್ಲವಾದರೆ ತಕ್ಷಣ ಅರಣ್ಯ ಇಲಾಖೆಯ ಕಚೇರಿಗೆ ಫೋನ್ ಮಾಡಿ. ಮಳೆಗಾಲಕ್ಕೆ ಮುಂಚೆ ಮೆಸ್ಕಾಂ ತನ್ನ ತಂತಿಗಳ ಬಳಿ ಗೆಲ್ಲು ಕಡಿಯುವುದು ಬೇರೆ ವಿಷಯ. ಅದು ಅಗತ್ಯದ ಕೆಲಸ, ಎರಡನ್ನೂ ಗೊಂದಲ ಮಾಡಿಕೊಳ್ಳಬಾರದು.

ಇವುಗಳ ಜೊತೆಗೆ ಕರ್ನಾಟಕ ಉದ್ಯಾನ, ಆಟದ ಮೈದಾನ ಮತ್ತು ತೆರೆದ ಜಾಗಗಳ ಸಂರಕ್ಷಣೆ ಹಾಗೂ ನಿಯಂತ್ರಣ ಕಾಯ್ದೆ, 1985 ಇದೆ. ಸ್ಥಳೀಯ ಸಂಸ್ಥೆ ತನ್ನ ವ್ಯಾಪ್ತಿಯ ಉದ್ಯಾನ ಮತ್ತು ತೆರೆದ ಜಾಗಗಳ ಪಟ್ಟಿ ತಯಾರಿಸಬೇಕು ಎಂದು ಅದು ಹೇಳುತ್ತದೆ. ನಿಮ್ಮ ಪಾರ್ಕು ಆ ಪಟ್ಟಿಯಲ್ಲಿದೆಯೇ ಎಂದು ಕೇಳುವುದು ಬಹಳ ಉಪಯುಕ್ತ. ಪಟ್ಟಿಯಲ್ಲಿದ್ದರೆ ಅದನ್ನು ಬೇರೆ ಉದ್ದೇಶಕ್ಕೆ ತಿರುಗಿಸುವುದು ಸುಲಭವಲ್ಲ. ಇಲ್ಲದಿದ್ದರೆ ಸೇರಿಸಬೇಕೆಂದು ಬರೆಯಿರಿ.

7. ಉತ್ತರ ಬಾರದಿದ್ದರೆ ಮಾಹಿತಿ ಹಕ್ಕು

ಒಂದು ತಿಂಗಳು ಕಾದರೂ ಹಿಂಬರಹ ಬಾರದಿದ್ದರೆ ಮಾಹಿತಿ ಹಕ್ಕು ಕಾಯ್ದೆ, 2005ರ ಅಡಿಯಲ್ಲಿ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ಮೂಲಕ ಕೊಡಬಹುದು. ನಮ್ಮ ರಾಜ್ಯದ ನಿಯಮದ ಪ್ರಕಾರ ಒಂದು ಅರ್ಜಿಯಲ್ಲಿ ಒಂದೇ ವಿಷಯವಿರಬೇಕು, ಅದು 150 ಪದಗಳನ್ನು ಮೀರಬಾರದು. ಈ ಮಿತಿ ಗೊತ್ತಿಲ್ಲದೆ ಎರಡು ಪುಟ ಬರೆದು ಅರ್ಜಿ ತಿರಸ್ಕೃತವಾಗುವುದು ಸಾಮಾನ್ಯ.

ಇನ್ನೊಂದು ಸಾಮಾನ್ಯ ತಪ್ಪೆಂದರೆ "ಏಕೆ" ಎಂದು ಕೇಳುವುದು. "ನಮ್ಮ ಪಾರ್ಕಿನ ಹುಲ್ಲುಹಾಸನ್ನು ಏಕೆ ತೆಗೆದಿರಿ?" ಎಂದು ಕೇಳಿದರೆ ಮಾಹಿತಿ ಲಭ್ಯವಿಲ್ಲ ಎಂಬ ಉತ್ತರ ಬರುತ್ತದೆ, ಏಕೆಂದರೆ ಕಚೇರಿ ಕೊಡಬೇಕಾದುದು ತನ್ನಲ್ಲಿ ದಾಖಲೆಯಾಗಿ ಇರುವುದನ್ನು ಮಾತ್ರ. ಆದ್ದರಿಂದ ದಾಖಲೆಗಳನ್ನು ಹೆಸರಿಟ್ಟು ಕೇಳಿ: ಅನುಮೋದಿತ ಅಂದಾಜು ಪಟ್ಟಿ, ನಕ್ಷೆ, ಕಾರ್ಯಾದೇಶ, ಅಳತೆ ಪುಸ್ತಕದ ಪುಟಗಳು, ನಿಮ್ಮ ಅರ್ಜಿಯ ಆವಕ ಸಂಖ್ಯೆಯ ಕಡತದ ಟಿಪ್ಪಣಿ ಹಾಳೆ. ಅಳತೆ ಪುಸ್ತಕದಲ್ಲಿ ಎಷ್ಟು ಕೆಲಸವಾಗಿದೆ ಎಂದು ಅಳೆದು ಬರೆದಿರುತ್ತಾರೆ, ಅದರ ಆಧಾರದ ಮೇಲೆಯೇ ಬಿಲ್ಲು ಪಾವತಿಯಾಗುತ್ತದೆ. ಟಿಪ್ಪಣಿ ಹಾಳೆಯಲ್ಲಿ ನಿಮ್ಮ ಅರ್ಜಿ ಯಾರ ಮೇಜಿನಲ್ಲಿ ಎಷ್ಟು ದಿನ ಕುಳಿತಿತ್ತು ಎಂಬುದು ಸ್ಪಷ್ಟವಾಗಿ ಕಾಣುತ್ತದೆ.

ಅರ್ಜಿ ತಪ್ಪು ಕಚೇರಿಗೆ ಹೋಗಿದ್ದರೆ ಅವರು ಐದು ದಿನಗಳೊಳಗೆ ಸಂಬಂಧಪಟ್ಟ ಕಚೇರಿಗೆ ವರ್ಗಾಯಿಸಬೇಕು. ಪಾರ್ಕು ಯಾರದ್ದೆಂದು ತಿಳಿಯದವರಿಗೆ ಈ ಅವಕಾಶ ವರದಾನವೇ ಸರಿ, ಏಕೆಂದರೆ ವರ್ಗಾವಣೆ ಪತ್ರವೇ ಹೊಣೆ ಯಾರದ್ದು ಎಂಬುದಕ್ಕೆ ಲಿಖಿತ ಸಾಕ್ಷಿಯಾಗುತ್ತದೆ. ಉತ್ತರಕ್ಕೆ 30 ದಿನಗಳ ಅವಧಿಯಿದೆ. ಉತ್ತರ ಬಾರದಿದ್ದರೆ ಅಥವಾ ಅರೆಬರೆಯಾಗಿದ್ದರೆ ಮುಂದಿನ 30 ದಿನಗಳೊಳಗೆ ಅದೇ ಕಚೇರಿಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ, ಅಲ್ಲಿಯೂ ಆಗದಿದ್ದರೆ 90 ದಿನಗಳೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ ಎರಡನೆಯ ಮೇಲ್ಮನವಿ ಸಲ್ಲಿಸಬಹುದು.

8. ಕಾಮಗಾರಿ ನಡೆಯುವಾಗ ಮತ್ತು ಮುಗಿದ ಮೇಲೆ ನೋಡಬೇಕಾದದ್ದು

ನಮ್ಮ ಕರಾವಳಿಯ ಪಾರ್ಕುಗಳಿಗೆ ಆಗುತ್ತಿರುವ ದೊಡ್ಡ ಹಾನಿಯೆಂದರೆ ಇಂಟರ್‌ಲಾಕ್. ನಡೆಯುವ ದಾರಿಗೆ ಹಾಕಿದರೆ ತಕರಾರಿಲ್ಲ. ಆದರೆ ಮರದ ಬುಡಕ್ಕೆ ತಾಗಿಸಿ ಕಲ್ಲು ಜೋಡಿಸಿ, ಸಂದಿಗೆ ಸಿಮೆಂಟು ತುಂಬಿದರೆ ಏನಾಗುತ್ತದೆ ಎಂಬುದನ್ನು ಜೂನ್ ತಿಂಗಳಲ್ಲಿ ಹೋಗಿ ನೋಡಿ: ಮಳೆನೀರು ಬುಡಕ್ಕೆ ಇಳಿಯದೆ ಹರಿದು ಗೇಟಿನ ಬಳಿ ಮಡುಗಟ್ಟಿರುತ್ತದೆ, ಒಂದೆರಡು ವರ್ಷಗಳಲ್ಲಿ ಬೇರು ಕಲ್ಲನ್ನು ಮೇಲೆತ್ತಿ ನಡೆಯುವವರ ಕಾಲಿಗೆ ಎಡವುತ್ತದೆ, ಆಮೇಲೆ ಮರವೇ ತಪ್ಪಿತಸ್ಥನಾಗಿ ಕಡಿಯುವ ಪ್ರಸ್ತಾವ ಬರುತ್ತದೆ. ದೆಹಲಿಗೆ ಸಂಬಂಧಿಸಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲಿ ಮರಗಳ ಸುತ್ತ ಒಂದು ಮೀಟರ್‌ವರೆಗಿನ ಕಾಂಕ್ರೀಟನ್ನು ತೆಗೆಯಲು ಆದೇಶಿಸಿತ್ತು. ನಿಮ್ಮ ಅರ್ಜಿಯಲ್ಲಿ ಅದನ್ನು ಉಲ್ಲೇಖಿಸಿ, ನಕ್ಷೆಯಲ್ಲೇ ಪ್ರತಿ ಮರದ ಸುತ್ತ ಅಷ್ಟು ಮಣ್ಣಿನ ಜಾಗ ಬಿಡಲು ಕೋರಿ. ಇದನ್ನು ಅಂದಾಜು ಪಟ್ಟಿ ತಯಾರಾಗುವ ಮೊದಲೇ ಹೇಳಿದರೆ ಒಪ್ಪುವುದು ಸುಲಭ, ಕಲ್ಲು ಕೂರಿಸಿದ ಮೇಲೆ ಯಾರೂ ಕೀಳಲು ಮುಂದಾಗುವುದಿಲ್ಲ.

ಕಾಮಗಾರಿಯನ್ನು ಖುದ್ದಾಗಿ ಪರಿಶೀಲಿಸುವುದಕ್ಕೂ ಮಾಹಿತಿ ಹಕ್ಕು ಕಾಯ್ದೆಯಲ್ಲಿ ಅವಕಾಶವಿದೆ. ಅದಕ್ಕೆ ಅರ್ಜಿಯಲ್ಲಿ ದಿನ ಮತ್ತು ಸಮಯ ಕೇಳಿ, ಅಂದಾಜು ಪಟ್ಟಿಯ ಪ್ರತಿಯನ್ನು ಜೊತೆಗಿಟ್ಟುಕೊಂಡು ಹೋಗಿ, ಪಟ್ಟಿಯಲ್ಲಿರುವ ಒಂದೊಂದನ್ನೂ ಗುರುತು ಹಾಕುತ್ತಾ ಬನ್ನಿ. ಗಿಡಗಳ ಸಂಖ್ಯೆಯನ್ನು ಎಣಿಸುವುದನ್ನು ಮರೆಯಬೇಡಿ, ಏಕೆಂದರೆ ಗೋಡೆ ಮತ್ತು ಕಲ್ಲು ಎಲ್ಲರ ಕಣ್ಣಿಗೆ ಬೀಳುತ್ತವೆ, ನೆಡದ ಗಿಡ ಯಾರ ಕಣ್ಣಿಗೂ ಬೀಳುವುದಿಲ್ಲ.

ಕೆಲಸ ಮುಗಿದಾಗ ದೋಷ ಹೊಣೆಗಾರಿಕೆ ಅವಧಿ ಎಂದು ಮುಗಿಯುತ್ತದೆ ಎಂಬ ದಿನಾಂಕವನ್ನು ಲಿಖಿತವಾಗಿ ಕೇಳಿ ಪಡೆಯಿರಿ. ಆ ಅವಧಿಯಲ್ಲಿ ಕಾಣಿಸಿದ ಲೋಪವನ್ನು ಗುತ್ತಿಗೆದಾರರು ತಮ್ಮ ಖರ್ಚಿನಲ್ಲೇ ಸರಿಪಡಿಸಬೇಕು. ಕುಸಿದ ದಾರಿ, ನೀರು ನಿಲ್ಲುವ ಜಾಗ, ಸತ್ತ ಗಿಡಗಳು ನಮ್ಮಲ್ಲಿ ಬಯಲಾಗುವುದು ಮಳೆಗಾಲದಲ್ಲಿ. ಹಾಗಾಗಿ ಸೆಪ್ಟೆಂಬರ್ ಕೊನೆಯ ಹೊತ್ತಿಗೆ ಪಾರ್ಕನ್ನು ಒಮ್ಮೆ ಪೂರ್ತಿ ಸುತ್ತಿ, ಲೋಪಗಳನ್ನು ಫೋಟೋಸಹಿತ ಪಟ್ಟಿ ಮಾಡಿ, ಕಾರ್ಯಾದೇಶದ ಸಂಖ್ಯೆಯನ್ನು ನಮೂದಿಸಿ ಆಯುಕ್ತರಿಗೆ ಅಥವಾ ಪೌರಾಯುಕ್ತರಿಗೆ ಕೊಟ್ಟು, ಆವಕ ಸಂಖ್ಯೆ ಹಾಕಿಸಿಕೊಂಡು ಬನ್ನಿ.